ಮೊದಲ ಸ್ಥಾನದ ಚಿತ್ರ

ಪೂರ್ತಿ ನೋಡದ ಚಿತ್ರಕ್ಕೆ ಯಾರೂ ಅಂಕ ಕೊಡಕೂಡದು. ಇದು ನಮ್ಮ ಫಿಲ್ಮ್ ಸೊಸೈಟಿಯ ನಿಯಮ. ದಶಕದ ಹತ್ತು ಶ್ರೇಷ್ಠ ಚಿತ್ರಗಳ ಪಟ್ಟಿ ಸಿದ್ಧವಾಯಿತು. ವಿಮರ್ಶಕರು ಎಲ್ಲವನ್ನೂ ಪೂರ್ತಿ ನೋಡಿದ್ದಾರೆಂದು ಪ್ರೊಜೆಕ್ಟರ್ ಆಪರೇಟರ್ ಸಹಿ ಹಾಕಬೇಕಿತ್ತು. ಅವನು ಹಾಕಲು ಒಪ್ಪಲಿಲ್ಲ.

“ಹಾಕಯ್ಯ. ಇಲ್ಲದಿದ್ದರೆ ನಾಳೆಯಿಂದ ಕೆಲಸಕ್ಕೆ ಬರಬೇಡ,” ಎಂದರು ಅಧ್ಯಕ್ಷ ಸೋಮಯಾಜಿ.

ಆಪರೇಟರ್ ನಿಟ್ಟುಸಿರಿಟ್ಟ. “ಮೊದಲನೇ ಸ್ಥಾನದ ಚಿತ್ರದಲ್ಲಿ ಏನು ಹಿಡಿಸಿತು ಸಾರ್?”

“ಆ ಅಂತ್ಯ ಕಣಯ್ಯ! ಅವಳು ಬಾಗಿಲಿಗೆ ಕೈ ಹಾಕುತ್ತಾಳೆ, ಪರದೆ ಕಪ್ಪಾಗುತ್ತದೆ. ಎಂಥ ಧೈರ್ಯ!”

“ಅವತ್ತು ಕೊನೇ ರೀಲು ಬಂದೇ ಇರಲಿಲ್ಲ ಸಾರ್. ಹೇಳೋಣವೆಂದು ಕೆಳಗಿಳಿದು ಬಂದರೆ ನೀವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಿರಿ.”

ವಿಮರ್ಶಕರು ಮುಖ ಮುಖ ನೋಡಿಕೊಂಡರು. ಸೋಮಯಾಜಿ ಕೆಮ್ಮಿದರು. “ಉಳಿದದ್ದನ್ನು ನಾವು ಊಹಿಸಿಕೊಂಡೆವು. ನೀನು ಸಹಿ ಹಾಕು.”

“ಅದನ್ನೂ ಊಹಿಸಿಕೊಳ್ಳಿ ಸಾರ್,” ಎಂದ ಆಪರೇಟರ್, ಪ್ರೊಜೆಕ್ಟರ್ ಕೋಣೆಯ ಬೀಗದ ಕೈಯನ್ನು ಪಟ್ಟಿಯ ಮೇಲಿಟ್ಟು ಹೊರಟುಹೋದ.