ಕುದಿಯುವ ಕಾರು, ಸಾಹೇಬರ ಭಾಷಣ

ಸಂಡೂರಿನ ಏರು ಹತ್ತುವಾಗ ಕಾರಿನ ಮೂತಿಯಿಂದ ಹಬೆ ಬುಸುಗುಟ್ಟಿತು. ಡ್ರೈವರ್ ಮೌಲಾಲಿ ಗಾಡಿ ನಿಲ್ಲಿಸಿ ಬಾನೆಟ್ ಎತ್ತಿದ. ಹಿಂದಿನ ಸೀಟಿನಿಂದ ಶರಭಯ್ಯ ಸಾಹೇಬರು ಗುಡುಗುತ್ತಾ ಇಳಿದರು. ಮಧ್ಯಾಹ್ನ ಅವರು ಶಾಲೆಯೊಂದರ ಕಟ್ಟಡ ಉದ್ಘಾಟಿಸಬೇಕಿತ್ತು.

“ಏನು ನೋಡ್ತಾ ನಿಂತಿದ್ದೀಯ? ರೇಡಿಯೇಟರ್ ಮುಚ್ಚಳ ತೆಗೆದು ನೀರು ಹುಯ್ಯಿ!”

“ಈಗ ತೆಗೆದ್ರ ಒಳಗಿನ ಒತ್ತಡಕ್ಕ ಕುದಿನೀರು ಮುಖಕ್ಕ ಚಿಮ್ಮತೈತ್ರಿ ಸಾಹೇಬ್ರ. ಮುಕ್ಕಾಲು ತಾಸು ಆರಬೇಕು.”

“ನನಗೇ ಪಾಠ ಹೇಳ್ತೀಯಾ? ತೆಗೀತೀಯೋ, ನಾಳೆಯಿಂದ ಮನೇಲಿ ಕೂರ್ತೀಯೋ?”

ಮೌಲಾಲಿಗೆ ಕೆಲಸವೂ ಬೇಕಿತ್ತು, ಮುಖದ ಚರ್ಮವೂ ಬೇಕಿತ್ತು. ಅವನು ಕೈಮುಗಿದ. “ತೆಗಿತೀನ್ರಿ. ಆದ್ರ ಒಂದು ಆಸೆ ಐತಿ. ಹನ್ನೊಂದು ವರ್ಷ ಆತು, ನೀವು ಒಳಗ ಭಾಷಣ ಮಾಡುವಾಗ ನಾ ಹೊರಗ ಗಾಡಿ ಕಾಯ್ತೀನಿ. ಒಂದೂ ಕೇಳಿಲ್ರಿ. ಇವತ್ತಿಂದು ಎರಡು ಮಾತು ಹೇಳ್ರಿ.”

ಸಾಹೇಬರ ಸಿಟ್ಟು ಅರ್ಧ ಇಳಿಯಿತು. “ಎರಡೇ ಮಾತು,” ಎಂದು ಕೋಟಿನ ಗುಂಡಿ ಹಾಕಿಕೊಂಡು ಮೈಲಿಗಲ್ಲು ಹತ್ತಿ ನಿಂತರು. “ಮಾನ್ಯ ಅಧ್ಯಕ್ಷರೇ,” ಎಂದು ಖಾಲಿ ರಸ್ತೆಗೆ ಕೈಮುಗಿದರು. ಮೌಲಾಲಿ ಜೋರಾಗಿ ಚಪ್ಪಾಳೆ ತಟ್ಟಿದ. ಪಕ್ಕದಲ್ಲಿ ಎಮ್ಮೆ ಮೇಯಿಸುತ್ತಿದ್ದ ಮುದುಕಿಯೂ ತಟ್ಟಿದಳು. ಇನ್ನು ಕೇಳಬೇಕೆ? ಸಾಹೇಬರು ವೇದಕಾಲದಿಂದ ಶುರುಮಾಡಿದರು. ದೇಶಕ್ಕೆ ಸ್ವಾತಂತ್ರ್ಯ ಬರುವಷ್ಟರಲ್ಲಿ ಒಂದು ತಾಸು ಕಳೆದು ಎಂಜಿನ್ ಆರಿತ್ತು.

ಮೌಲಾಲಿ ಬಟ್ಟೆ ಸುತ್ತಿ ಮುಚ್ಚಳ ತಿರುಗಿಸಿದ. ‘ಪುಸ್’ ಎಂದಿತು, ಅಷ್ಟೇ.

“ನೋಡಿದೆಯಾ!” ಸಾಹೇಬರು ಕಲ್ಲಿನ ಮೇಲೇ ಕುಣಿದಾಡಿದರು. “ಏನಾದರೂ ಚಿಮ್ಮಿತೇ? ನಾನು ಹೇಳಿದ್ದೇ ಸರಿ!”

“ಹೌದ್ರಿ ಸಾಹೇಬ್ರ,” ನೀರು ಹುಯ್ಯುತ್ತಾ ಮೌಲಾಲಿ ಅಂದ, “ನೀವು ಅಷ್ಟೊತ್ತು ಹೇಳಿದ್ದಕ್ಕ ತಣ್ಣಗಾತು.”