ಕರ್ಪೂರ ಕದ್ದ ಚಿಣ್ಣರು

ಒಂದಾನೊಂದು ಕಾಲದಲ್ಲಿ, ಅಂದ್ರೆ ಬೆಂಕಿಪೊಟ್ಟಣ ಇನ್ನೂ ಯಾರ ಮನೇಲೂ ಇಲ್ಲದ ಕಾಲದಲ್ಲಿ, ಕಾಲು ಒದೀಬೇಡ ಚಿನ್ನು, ಹೊದ್ಕೊಂಡು ಕೇಳು, ಚನ್ನಾಜಮ್ಮ ಅಂತ ಒಬ್ಳು ಅತ್ತೆ ಇದ್ಲಂತೆ. ಅವಳಿಗೆ ಮೂವರು ಗಂಡುಮಕ್ಕಳು, ಮೂವರು ಸೊಸೆಯರು. ಊರಮ್ಮನ ಮಂಗಳಾರತಿಗೆ ಕರ್ಪೂರ ಕೊಡೋದು ಆ ಮನೆಯವರೇ ಅಂತೆ. ಆಗೆಲ್ಲಾ ಕರ್ಪೂರ ಅಂಗಡೀಲಿ ಸಿಗ್ತಿರಲಿಲ್ಲ ಕಣೇ, ಯಾವಾಗ್ಲೋ ಬರೋ ಗಾಡಿ ವ್ಯಾಪಾರಿ ತಂದ್ರೆ ಉಂಟು. ಅದಕ್ಕೇ ಚನ್ನಾಜಮ್ಮ ಅದನ್ನ ಬಿಗಿ ಮುಚ್ಚಳದ ಭರಣೀಲಿ ಇಟ್ಟು ಕಾಯ್ತಿದ್ಲಂತೆ.

ಒಂದಿನ ಬೆಕ್ಕು ಹಾರಿ ಭರಣಿ ಒಡೆದೋಯ್ತು. ಆಮೇಲೆ ಅವಳು ಕರ್ಪೂರಾನೆಲ್ಲ ಬೆತ್ತದ ಪೆಟ್ಟಿಗೆಗೆ ಹಾಕಿಟ್ಲು. ಅದೇ ಹೊತ್ತಿಗೆ ಕಿರಿಸೊಸೆ ದೇವೀರಿ ಹೊಸದಾಗಿ ಮನೆಗೆ ಬಂದ್ಲಂತೆ. ನೋಡ್ತಾರೆ, ಕರ್ಪೂರ ಕಮ್ಮಿ ಆಗ್ತಾ ಬಂದಿದೆ! ಇಷ್ಟು ದಿನ ಇಲ್ಲದ್ದು ಇವಳು ಬಂದ ಮೇಲೆ ಆಯ್ತಲ್ಲ, ಇವಳದ್ದೇ ಕೈವಾಡ ಅಂದ್ಲಂತೆ ಅತ್ತೆ. ಪಾಪ ದೇವೀರಿ, ನಾನು ಮುಟ್ಟೇ ಇಲ್ಲ ಅತ್ತೆ ಅಂತ ಅಳ್ತಾಳೆ, ಕೇಳೋರ್ಯಾರು?

ಆಮೇಲೆ ಚನ್ನಾಜಮ್ಮ ಉಳಿದ ಕರ್ಪೂರಾನ ತನ್ನ ಸೆರಗಿನ ತುದೀಲಿ ಗಂಟು ಹಾಕಿ, ಸೊಂಟಕ್ಕೆ ಸಿಗಿಸ್ಕೊಂಡ್ಲಂತೆ, ಈಗ ಹೆಂಗೆ ಕದೀತೀಯೋ ನೋಡ್ತೀನಿ ಅಂತ. ಮೈ ಬಿಸಿ ತಾಕಿ ಅದು ಇನ್ನೂ ಬೇಗ ಸವೀತು. ಅಯ್ಯೋ, ನಾನು ಮಲಗಿದ್ದಾಗ ಬಿಚ್ಚಿದ್ದಾಳೆ ಅಂತ ರಂಪ ಮಾಡಿದ್ಲಂತೆ. ಮೂರನೇ ಸಲ, ಕಣ್ಣೆದುರಿಗೇ ಇರ್ಲಿ ಅಂತ ಒಲೆ ಮೇಲಿನ ಹಲಗೇಲಿ ಬಿಚ್ಚಿಟ್ಟು, ತಾನೇ ಮಣೆ ಹಾಕ್ಕೊಂಡು ಕೂತ್ಲಂತೆ. ಕಾವಲು ಕಾದಷ್ಟೂ ಕರ್ಪೂರ ಸಣ್ಣಗಾಗೋದು ನೋಡು, ಅತಿಬುದ್ಧಿ ಅಂದ್ರೆ ಅದು! ಕೊನೆಗೆ ಉಳಿದಿದ್ದು ಒಂದೇ ಒಂದು ಚೂರು.

ಇವಳು ಮಾಟಗಾತಿ, ನಡೀಲಿ ತವರಿಗೆ ಅಂತ ಅತ್ತೆ ಕೂಗಿದ್ಲಂತೆ. ಊರ ಗೌಡ್ರು ಬಂದು, ಸುಮ್ನೆ ಕಳಿಸೋದು ಬೇಡಮ್ಮ, ನಮ್ಮ ಪದ್ಧತಿ ಪ್ರಕಾರ ಉರಿಯೋ ಕರ್ಪೂರ ಅಂಗೈಲಿ ಹಿಡಿದು ಆಣೆ ಮಾಡ್ಲಿ, ಕೈ ಸುಟ್ರೆ ಕಳ್ಳಿ ಅಂದ್ರಂತೆ. ಯಾರ ಕೈ ಸುಡಲ್ಲ ಹೇಳು? ದೇವೀರಿ ಗಂಡ ತಲೆ ತಗ್ಗಿಸಿ ಗಾಡಿ ಹೂಡೋಕೆ ಹೋದ. ನನಗಂತೂ ಈಗಲೂ ಅವನ ಮೇಲೆ ಸಿಟ್ಟು ಬರುತ್ತೆ.

ಅಷ್ಟರಲ್ಲಿ ದೇವೀರಿ ಒಲೆ ಮೇಲಿನ ಅನ್ನದ ಪಾತ್ರೆ ಮುಚ್ಚಳ ತೆಗೆದ್ಲಂತೆ. ಮುಚ್ಚಳದ ಒಳಗೆ ಹನಿ ಹನಿ ನೀರು. ಕೆಳಗಿದ್ದ ನೀರು ಆವಿಯಾಗಿ ಹಾರಿ, ಮೇಲೆ ತಣ್ಣಗಾಗಿ ಮತ್ತೆ ನೀರೇ ಆಗಿ ಕೂತಿದೆ! ಅವಳ ಮುಖ ಅರಳ್ತು. ಅತ್ತೆ, ಆಣೆಗೆ ಮುಂಚೆ ಆ ಚೂರು ಒಂದು ಗಳಿಗೆ ಕೊಡಿ, ಎಲ್ಲರೂ ಇಲ್ಲೇ ಕೂತು ನೋಡಿ ಅಂದ್ಲಂತೆ.

ಯಾಕೆ ಅಂದ್ಯಾ? ನಿನ್ ಟೀಚರು ಅಣು ಅಂತಾರಲ್ಲ, ನಮ್ಮಜ್ಜಿ ಅವನ್ನ ಚಿಣ್ಣರು ಅಂತಿದ್ಲು. ಎಲ್ಲದರಲ್ಲೂ ಇರ್ತಾರೆ, ಕಣ್ಣಿಗೆ ಕಾಣಲ್ಲ. ಕೈ ಬಿಗಿಯಾಗಿ ಹಿಡ್ಕೊಂಡು ನಿಂತ್ರೆ ಗಟ್ಟಿ, ಹೆಪ್ಪುಗಟ್ಟಿದ ತುಪ್ಪ ಇರುತ್ತಲ್ಲ ಹಂಗೆ. ಬಿಸಿ ತಾಗಿ ಕೈ ಸಡಿಲ ಬಿಟ್ಟು ಒಬ್ಬರ ಮೇಲೊಬ್ಬರು ಜಾರಾಡಿದ್ರೆ ನೀರು. ಪೂರ್ತಿ ಕೈ ಬಿಟ್ಟು ಹಾರಿದ್ರೆ ಆವಿ. ಕರ್ಪೂರದ ಚಿಣ್ಣರು ಮಾತ್ರ ನಿನ್ನಂಥ ತುಂಟರು, ನೀರಾಗೋಕೂ ತಾಳ್ಮೆ ಇಲ್ಲ, ಕೂತಲ್ಲಿಂದಲೇ ಹಾರಿಬಿಡ್ತಾರೆ.

ಆಮೇಲೆ ದೇವೀರಿ ಬಿಸಿ ಬೂದಿ ಮೇಲೆ ತಟ್ಟೆ ಇಟ್ಟು, ಅದರೊಳಗೆ ಕರ್ಪೂರ ಹಾಕಿ, ಕಂಚಿನ ಬಟ್ಟಲು ಬೋರಲು ಹಾಕಿ, ಬಟ್ಟಲ ಮೇಲೆ ಒದ್ದೆ ಬಟ್ಟೆ ಹೊದಿಸಿದ್ಲಂತೆ. ಎಲ್ಲರೂ ಸುತ್ತ ಕೂತ್ರು. ಸ್ವಲ್ಪ ಹೊತ್ತಾದ ಮೇಲೆ ಬಟ್ಟಲು ಎತ್ತಿದ್ರೆ ತಟ್ಟೆ ಖಾಲಿ! ನೋಡಿದ್ರಾ ಗೌಡ್ರೇ, ಎಲ್ಲರೆದುರಿಗೇ ನುಂಗಿದ್ಲು ಅಂತ ಅತ್ತೆ ಕಿರುಚಿದ್ಲಂತೆ. ದೇವೀರಿ ಬಟ್ಟಲನ್ನ ತಿರುಗಿಸಿ ಹಿಡಿದ್ಲು. ಒಳಗಡೆ ಎಲ್ಲಾ ಬೆಳ್ಳಗೆ, ಉಪ್ಪು ಉದುರಿಸಿದ ಹಾಗೆ, ಕರ್ಪೂರ ಅಂಟ್ಕೊಂಡಿತ್ತು.

ಗೌಡ್ರು ಬೆರಳಲ್ಲಿ ಕೆರೆದು ಮೂಸಿದ್ರು. ಆಮೇಲೆ ಮೆಲ್ಲಗೆ, ಚನ್ನಾಜಮ್ಮ, ನಿಮ್ಮ ಸೆರಗು ಒಂಚೂರು ಮೂಸಿ ನೋಡ್ಕೊಳ್ಳಿ ಅಂದ್ರಂತೆ. ಮೂಸಿದ್ರೆ ಘಮ್ ಅಂತ ಕರ್ಪೂರ! ಅತ್ತೆಗೆ ನಗು ಬಂತು, ನಗ್ತಾ ನಗ್ತಾ ಅಳು ಬಂತು. ನನ್ನ ಮನೆ ಮಗಳನ್ನ ಕಳ್ಳಿ ಅಂದೆನಲ್ಲೇ ಅಂತ ಸೊಸೆ ಎರಡೂ ಕೈ ಹಿಡ್ಕೊಂಡ್ಲಂತೆ. ದೇವೀರಿ, ಹೋಗ್ಲಿ ಬಿಡಿ ಅತ್ತೆ, ನನ್ನ ಕೈ ಸುಡಲಿಲ್ಲವಲ್ಲ ಅಂದ್ಲಂತೆ. ಗಂಡ ಓಡಿಹೋಗಿ ಎತ್ತು ಬಿಚ್ಚಿದ. ಬಟ್ಟಲಿನ ಕರ್ಪೂರ ಕೆರೆದು ಊರಮ್ಮನಿಗೆ ಆರತಿ ಎತ್ತಿದ್ರು, ಎಲ್ಲರ ಮನಸ್ಸೂ ಹಗುರಾಯ್ತು. ಬಿಗಿ ಮುಚ್ಚಳದ ಹೊಸ ಭರಣೀನೂ ಬಂತು, ಅದು ದೇವೀರಿ ಕೈಗೇ ಬಂತು.

ಅವತ್ತಿಂದ ಆ ಮನೇಲಿ ಏನೇ ಕಾಣೆಯಾದ್ರೂ, ಯಾರನ್ನೂ ಬೈಯೋಕೆ ಮುಂಚೆ ಅತ್ತೆ ತನ್ನ ಸೆರಗು ಮೂಸಿ ನೋಡ್ಕೊಳ್ತಿದ್ಲಂತೆ.

ಕತೆ ಮುಗೀತು, ಭರಣಿ ಮುಚ್ಚಳ ಬಿತ್ತು, ಇನ್ನು ನಿನ್ ಕಣ್ಣೂ ಮುಚ್ಚು.