ಎರೆಮಣ್ಣಿನ ಮೇಲೆ ಲಾನು

ಎರೆಮಣ್ಣಿನ ಸೀಮೆಯ ಒಂದು ಊರಿಗೆ ಹೊಸ ಸಾಹೇಬರು ವರ್ಗವಾಗಿ ಬಂದರು. ಬಂದವರೇ ಮೇಲಧಿಕಾರಿಗಳನ್ನು ಚಹಾಕ್ಕೆ ಕರೆದರು. ಬಂಗಲೆಯ ಮುಂದೆ ಲಾನು ಇರಲೇಬೇಕೆಂದು ನರ್ಸರಿಯಿಂದ ಸುರುಳಿ ಸುತ್ತಿದ ಹುಲ್ಲುಹಾಸು ಕೊಂಡು ತರಿಸಿದರು.

ಮಾಲಿ ಫಕೀರಪ್ಪ ಕೈಕಟ್ಟಿ ನಿಂತ. "ಸಾಹೇಬ್ರ, ಇದು ಎರಿಮಣ್ಣ್ರಿ. ನೀರು ಬಿದ್ರ ರಾಡಿ ಆಗತೈತಿ. ಹುಲ್ಲು ಹಾಸೂಕಿಂತ ಮೊದಲ ಮರಳು ಹಾಕಬೇಕ್ರಿ."

"ಮರಳು ಗಿರಳು ಏನೂ ಬೇಡ. ಇವತ್ತೇ ಹಾಸಿ ನೀರು ಬಿಡು. ನನ್ನ ಮಾತು ಮೀರಿದರೆ ನಾಳೆಯಿಂದ ಕೆಲಸಕ್ಕೆ ಬರಬೇಡ."

ಫಕೀರಪ್ಪ ಹುಲ್ಲು ಹಾಸಿದ, ನೀರು ಬಿಟ್ಟ. ಮರುದಿನ ಕಬ್ಬಿಣದ ಕುರ್ಚಿಗಳನ್ನೂ ಅವನೇ ತಂದಿಟ್ಟ.

ಮೇಲಧಿಕಾರಿಗಳು ಬಂದು ಕುಳಿತರು. ಸಾಹೇಬರೂ ಕುಳಿತು ತಮ್ಮ ಲಾನಿನ ವರ್ಣನೆ ಶುರು ಮಾಡಿದರು. ಚಹಾ ಬರುವ ಹೊತ್ತಿಗೆ ಅವರ ಕುರ್ಚಿ ಗೇಣುದ್ದ ಇಳಿದಿತ್ತು. ಬಿಸ್ಕತ್ತು ಬರುವ ಹೊತ್ತಿಗೆ ಮೊಣಕಾಲು ಗದ್ದದ ಹತ್ತಿರ ಬಂದಿತ್ತು. ಸಾಹೇಬರಿಗಿಂತ ಎತ್ತರದಲ್ಲಿ ನಿಲ್ಲುವುದು ಮರ್ಯಾದೆಯಲ್ಲವೆಂದು ಸುತ್ತ ನಿಂತಿದ್ದ ಕಚೇರಿಯ ಗುಮಾಸ್ತರು ಒಬ್ಬೊಬ್ಬರಾಗಿ ಕುಕ್ಕರುಗಾಲಲ್ಲಿ ಕುಳಿತರು. ಮೇಲಧಿಕಾರಿಗಳು ಏನೂ ಕಾಣದವರಂತೆ ಚಹಾ ಮುಗಿಸಿ ಹೊರಟರು.

ಸಾಹೇಬರನ್ನು ಇಬ್ಬರು ಹಿಡಿದು ಎಬ್ಬಿಸಿದರು. ಸಾಹೇಬರು ಮಾಲಿಯನ್ನು ಕರೆದು ಕೇಳಿದರು: "ಉಳಿದವರ ಕುರ್ಚಿಗಳೆಲ್ಲ ನೆಟ್ಟಗಿದ್ದವು. ನನ್ನದೊಂದೇ ಯಾಕೆ ಹೂತುಹೋಯಿತು?"

"ಕಾಂಪೌಂಡು ಕಟ್ಟಿ ಉಳಿದ ಮರಳಿತ್ರಿ. ಎಲ್ಲಾರು ಕೂಡೂ ಜಾಗಾದಾಗ ಹುಲ್ಲಿನ ಕೆಳಗ ಅದನ್ನ ಹಾಕಿ ಬಡದಿದ್ದೆ," ಎಂದ ಫಕೀರಪ್ಪ. "ಮರಳು ಬ್ಯಾಡ ಅಂದವ್ರು ನೀವೊಬ್ರ. ನಿಮ್ಮ ಮಾತು ಮೀರಬಾರದು ಅಂತ ನಿಮ್ಮ ಕುರ್ಚಿ ಕೆಳಗಷ್ಟ ಹಾಕಲಿಲ್ರಿ."